ಬಾಯಿ ಹೇಳುತ್ತದೆ, ಮನಸ್ಸು ಬರುವುದಿಲ್ಲ: ಇದೂ ಪ್ರಾರ್ಥನೆಯಾ?

ಪ್ರಶ್ನೆ: ಪಾಸ್ಟರ್, ವಂದನೆಗಳು. ನನಗೆ 43 ವರ್ಷ. ಚಿಕ್ಕಂದಿನಿಂದ ಸಭೆಯಲ್ಲೇ ಬೆಳೆದವಳು. ಹೋದ ವರ್ಷ ನಮ್ಮ ಯಜಮಾನರು ಕಿಡ್ನಿ ಕಾಯಿಲೆಯಿಂದ ತೀರಿಕೊಂಡರು. ಎರಡು ವರ್ಷ ಡಯಾಲಿಸಿಸ್‌ಗೆ ಅಲೆದೆವು. ಸಭೆಯವರೆಲ್ಲ ಉಪವಾಸ ಇದ್ದು ಪ್ರಾರ್ಥಿಸಿದರು. ಈಗಲೂ ನಾನು ದಿನಾ ಬೆಳಿಗ್ಗೆ ಮೊಣಕಾಲೂರುತ್ತೇನೆ. ಆದರೆ ಬಾಯಿ ಹೇಳುತ್ತಾ ಹೋಗುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ‘ನಿನ್ನ ಚಿತ್ತ ನೆರವೇರಲಿ’ ಅನ್ನುವಾಗ ಸುಳ್ಳು ಹೇಳಿದ ಹಾಗಾಗುತ್ತದೆ. ಶುಕ್ರವಾರದ ಕೂಟದಲ್ಲಿ ಬೇರೆಯವರು ಅತ್ತು ಪ್ರಾರ್ಥಿಸುತ್ತಾರೆ, ನನಗೆ ಕಣ್ಣೀರೇ ಬರುವುದಿಲ್ಲ. ‘ನಿನ್ನ ನಂಬಿಕೆ ಸಾಲದೇ ಹೋಯಿತು’ ಎಂದು ಒಬ್ಬರು ಹೇಳಿಬಿಟ್ಟರು. ‘ಈ ಜನರ ತುಟಿ ಹತ್ತಿರ, ಹೃದಯ ದೂರ’ ಎನ್ನುವ ವಾಕ್ಯ ನನಗೇ ಬರೆದದ್ದು ಅನಿಸುತ್ತದೆ. ಸಂಜೆ ಕೆಲಸದಿಂದ ಬಂದು ಮನೆ ಬೀಗ ತೆಗೆಯುವಾಗ ಕೈ ನಡುಗುತ್ತದೆ. ಮನಃಪೂರ್ವಕವಾಗಿ ಪ್ರಾರ್ಥಿಸುವುದು ಹೇಗೆ, ದಯವಿಟ್ಟು ತಿಳಿಸಿ.
— ಒಬ್ಬ ಸಹೋದರಿ, ಹಾಸನ

ಉತ್ತರ:

ತಂಗಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕೈ ನಡುಗುವ ಮಾತಿನ ಹತ್ತಿರ ಮೂರು ಸಲವೂ ನಿಂತುಬಿಟ್ಟೆ. ಅದಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ. ಮೊದಲು ನಿಮ್ಮನ್ನು ಜಾಸ್ತಿ ಚುಚ್ಚುತ್ತಿರುವ ಆ ವಾಕ್ಯವನ್ನು ನೋಡೋಣ.

ಅದು ಯೆಶಾಯ 29ನೇ ಅಧ್ಯಾಯದ 13ನೇ ವಚನ. ಯೇಸುಸ್ವಾಮಿ ಅದನ್ನು ಒಂದು ಸಂದರ್ಭದಲ್ಲಿ ಎತ್ತಿ ಹೇಳಿದರು. ಮಾರ್ಕ 7ನೇ ಅಧ್ಯಾಯ ತೆಗೆದು ನೋಡಿ, ಯಾರಿಗೆ ಹೇಳಿದರು ಅಂತ. ಆಗ ‘ಕೊರ್ಬಾನ್’ ಎಂಬ ಒಂದು ಹರಕೆಯ ಮಾತಿತ್ತು. ‘ಈ ಆಸ್ತಿ ದೇವರಿಗೆ ಮೀಸಲು’ ಎಂದು ಆ ಮಾತನ್ನು ಆಡಿಬಿಟ್ಟರೆ, ವಯಸ್ಸಾದ ಅಪ್ಪ ಅಮ್ಮನಿಗೆ ಅದರಿಂದ ಏನನ್ನೂ ಕೊಡಬೇಕಾಗಿರಲಿಲ್ಲ. ಹೆತ್ತವರನ್ನು ಕೈಬಿಟ್ಟು, ಅದಕ್ಕೆ ದೇವರ ಹೆಸರನ್ನೇ ಹೊದಿಸಿದ ಜನರಿಗೆ ಹೇಳಿದ ಮಾತದು. ಪ್ರಾರ್ಥನೆಯ ನಡುವೆ ಮನಸ್ಸು ಅಡುಗೆಮನೆಗೋ ಆಸ್ಪತ್ರೆಯ ವಾರ್ಡಿಗೋ ಓಡಿಹೋಗುವ ಹೆಣ್ಣುಮಗಳಿಗೆ ಹೇಳಿದ್ದಲ್ಲ. ಅವರ ಹೃದಯ ದೂರ ಇದ್ದದ್ದು ಅವರೇ ಅದನ್ನು ದೂರ ಇಟ್ಟಿದ್ದರಿಂದ. ನಿಮ್ಮ ಹೃದಯಕ್ಕೆ ಪೆಟ್ಟು ಬಿದ್ದಿದೆ. ಇವೆರಡೂ ಬೇರೆ. ಆ ವಾಕ್ಯವನ್ನು ನಿಮ್ಮ ಹೆಗಲಿನಿಂದ ಇವತ್ತೇ ಇಳಿಸಿಬಿಡಿ.

ಇನ್ನು ‘ಮನಃಪೂರ್ವಕ’ ಅಂದರೇನು? ನಮ್ಮ ಕೂಟಗಳಲ್ಲಿ ನಾವು ಒಂದು ತಪ್ಪು ಕಲಿಸಿದ್ದೇವೆ. ದನಿ ಏರಿದರೆ, ಕಣ್ಣು ತುಂಬಿದರೆ, ‘ಸ್ತೋತ್ರ, ಸ್ತೋತ್ರ’ ಎಂದು ಮಾತು ನಿಲ್ಲದೆ ಹರಿದರೆ ಅದು ಹೃದಯದ ಪ್ರಾರ್ಥನೆ ಅಂದುಕೊಂಡಿದ್ದೇವೆ. ಅಳುವವರ ಅಳು ನಿಜವೇ ಇರುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದೇ ಅಳತೆಗೋಲಾದರೆ ಹನ್ನಳ ಗತಿ ಏನು?

1 ಸಮುವೇಲ ಮೊದಲ ಅಧ್ಯಾಯದಲ್ಲಿ ಆಕೆಯ ಕಥೆ ಇದೆ. ಮಕ್ಕಳಿಲ್ಲದ ಹೆಣ್ಣು. ಸವತಿ ಪೆನಿನ್ನಳ ಚುಚ್ಚುಮಾತು ವರ್ಷ ವರ್ಷವೂ ಕೇಳಿದವಳು. ಶೀಲೋವಿನ ಹಬ್ಬದೂಟ ಬಿಟ್ಟು ಎದ್ದುಬಂದು ದೇವರ ಮುಂದೆ ನಿಂತಳು. ಅತ್ತಳು, ಹರಕೆ ಹೊತ್ತಳು. ಆಮೇಲೆ ತುಟಿ ಮಾತ್ರ ಅಲ್ಲಾಡುತ್ತಿತ್ತು, ಸದ್ದು ಹೊರಗೆ ಬರಲಿಲ್ಲ. ಬಾಗಿಲ ಹತ್ತಿರ ಕೂತಿದ್ದ ಯಾಜಕ ಏಲಿ ಅವಳ ಬಾಯನ್ನೇ ನೋಡುತ್ತಿದ್ದ. ಇವಳು ಕುಡಿದಿದ್ದಾಳೆ ಅಂದುಕೊಂಡ. ‘ಎಲ್ಲಿಯವರೆಗೆ ಹೀಗೆ ಅಮಲಿನಲ್ಲಿರುತ್ತೀ’ ಎಂದು ಬೈದೇಬಿಟ್ಟ. ಯೋಚನೆ ಮಾಡಿ ತಂಗಿ. ಇಡೀ ಬೈಬಲ್‌ನಲ್ಲೇ ಅತಿ ಪ್ರಾಮಾಣಿಕವಾದ ಪ್ರಾರ್ಥನೆಗಳಲ್ಲಿ ಒಂದು ಕಣ್ಣೆದುರೇ ನಡೆಯುತ್ತಿದೆ, ಪ್ರಾರ್ಥನೆಯೇ ಕಸುಬಾದ ಮನುಷ್ಯನಿಗೆ ಅದು ಕುಡುಕಿಯ ಗೊಣಗಾಟದ ಹಾಗೆ ಕಂಡಿತು. ಇನ್ನೊಬ್ಬರ ಪ್ರಾರ್ಥನೆಯನ್ನು ಹೊರಗಿನಿಂದ ಅಳೆಯಲು ಹೋಗುವ ನಮಗೆಲ್ಲ ಏಲಿಯ ನೆನಪು ಇರಬೇಕು. ನಿಮಗೆ ‘ನಂಬಿಕೆ ಸಾಲದು’ ಅಂದವರಿಗೂ.

ಹನ್ನ ಏಲಿಗೆ ಕೊಟ್ಟ ಉತ್ತರದಲ್ಲಿ ಒಂದು ಪದವಿದೆ. ಹೀಬ್ರೂ ಮೂಲದಲ್ಲಿ ಅದರ ಅರ್ಥ ‘ಸುರಿದೆ’ ಎಂದು. ನನ್ನ ಪ್ರಾಣವನ್ನು ದೇವರ ಮುಂದೆ ಸುರಿದೆ ಅನ್ನುತ್ತಾಳೆ. ನೀರು ಸುರಿಯುವುದಕ್ಕೆ ಬಳಸುವ ಪದವೇ ಅದು. 62ನೇ ಕೀರ್ತನೆಯ 8ನೇ ವಚನದಲ್ಲೂ, ‘ನಿಮ್ಮ ಹೃದಯವನ್ನು ಆತನ ಮುಂದೆ’ ಎನ್ನುವ ಕಡೆ, ಇದೇ ಪದ ಬರುತ್ತದೆ. ತುಂಬಾ ದಿನ ತುಂಬಿಟ್ಟ ಕೊಡವನ್ನು ಬೋರಲು ಹಾಕಿದರೆ ಏನಾಗುತ್ತದೆ ನೋಡಿದ್ದೀರಲ್ಲ. ಮೇಲಿನ ತಿಳಿನೀರು ಮೊದಲು ಬರುತ್ತದೆ. ಕೊನೆಗೆ ತಳದ ಗಸಿ, ಕಪ್ಪು, ಯಾವಾಗಲೋ ಬಿದ್ದ ಎಲೆಯ ಚೂರು, ಎಲ್ಲಾ ಬರುತ್ತದೆ. ನೀವು ಎರಡು ವರ್ಷ ಆಸ್ಪತ್ರೆ, ಒಂದು ವರ್ಷ ಒಂಟಿತನ ತುಂಬಿಟ್ಟುಕೊಂಡಿದ್ದೀರಿ. ಬೆಳಿಗ್ಗೆ ಮೊಣಕಾಲೂರಿದಾಗ ತಿಳಿನೀರಷ್ಟನ್ನೇ ಬಗ್ಗಿಸಿ, ಕೊಡವನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತಿದ್ದೀರಿ ಅಂತ ನನಗನಿಸುತ್ತದೆ. ಗಸಿ ದೇವರಿಗೆ ತೋರಿಸುವಂಥದ್ದಲ್ಲ ಎಂದು ಯಾರೋ ನಿಮಗೆ ಹೇಳಿಕೊಟ್ಟಿದ್ದಾರೆ.

ಆ ಗಸಿ ನಿಮ್ಮ ಸಿಟ್ಟು. ಪತ್ರದಲ್ಲಿ ಆ ಪದವನ್ನು ನೀವು ಬರೆದಿಲ್ಲ. ಆದರೂ ಸಾಲು ಸಾಲಿನಲ್ಲೂ ಕಾಣುತ್ತದೆ.

ದೇವರ ಹತ್ತಿರ ಸಿಟ್ಟು ಮಾಡಿಕೊಳ್ಳುವುದು ಪಾಪ ಎಂದು ಹೆದರುವವರಿಗೆ ನಾನು 13ನೇ ಕೀರ್ತನೆ ಓದಿಸುತ್ತೇನೆ. ಮೊದಲ ಎರಡೇ ವಚನಗಳಲ್ಲಿ ‘ಎಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಅದೂ ಸಾಲದಿದ್ದರೆ 88ನೇ ಕೀರ್ತನೆ. ಬಹುತೇಕ ದುಃಖದ ಕೀರ್ತನೆಗಳು ಕೊನೆಗೆ ಸ್ತುತಿಗೆ ತಿರುಗುತ್ತವೆ. 88 ತಿರುಗುವುದಿಲ್ಲ. ಹೀಬ್ರೂವಿನಲ್ಲಿ ಅದರ ಕೊಟ್ಟಕೊನೆಯ ಪದವೇ ಕತ್ತಲು. ಅದನ್ನು ಯಾರೂ ಕಿತ್ತುಹಾಕಲಿಲ್ಲ, ಕೊನೆಗೊಂದು ‘ಹಲ್ಲೆಲೂಯಾ’ ಅಂಟಿಸಲಿಲ್ಲ. ಹಾಗೇ ಪವಿತ್ರ ಗ್ರಂಥದಲ್ಲಿ ಇಟ್ಟರು. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನೂ ಹಾಗೇ. ಅವನು ದೇವರ ಮೇಲೇ ದೂರು ಹೇಳಿದ. ಅವನ ಸ್ನೇಹಿತರು ದೇವರ ಪರವಾಗಿ ಚೆಂದದ ಮಾತಾಡಿದರು. ಕೊನೆಗೆ ದೇವರು ಆ ಸ್ನೇಹಿತರಿಗೆ ಹೇಳಿದ್ದೇನು? ‘ನನ್ನ ಸೇವಕನಾದ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ’ ಎಂದು. 42ನೇ ಅಧ್ಯಾಯ, 7ನೇ ವಚನ. ಯಾರಾದರೂ ನಿಮಗೆ ಬುದ್ಧಿ ಹೇಳಲು ಬಂದರೆ ಇದನ್ನು ತೋರಿಸಿ.

ಈಗ ‘ನಿನ್ನ ಚಿತ್ತ ನೆರವೇರಲಿ’ ಎಂಬ ಮಾತಿಗೆ ಬರೋಣ. ಸುಳ್ಳು ಹೇಳಿದ ಹಾಗಾಗುತ್ತದೆ ಎಂದು ಬರೆದಿದ್ದೀರಿ. ನಿಮ್ಮ ಈ ಮಾತು ನನಗೆ ತುಂಬಾ ಹಿಡಿಸಿತು. ನಮ್ಮಲ್ಲಿ ಎಷ್ಟೋ ಜನ ಅದನ್ನು ಯೋಚನೆಯೇ ಇಲ್ಲದೆ ಹೇಳಿ ಮುಗಿಸುತ್ತೇವೆ. ಯೇಸುಸ್ವಾಮಿ ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಅದನ್ನು ಹೇಗೆ ಹೇಳಿದರು ಅನ್ನುವುದನ್ನು ನಿಧಾನವಾಗಿ ನೋಡಿ. ಮೊದಲು ಬಂದದ್ದು ‘ಸಾಧ್ಯವಾದರೆ ಈ ಪಾತ್ರೆ ನನ್ನಿಂದ ತೊಲಗಲಿ’ ಎಂಬ ಬೇಡಿಕೆ. ಪಾತ್ರೆ ಅಂದರೆ ಮುಂದಿದ್ದ ಸಂಕಟ; ನನಗೆ ಇದು ಬೇಡ ಎಂಬ ನೇರ ಮಾತು. ಅದೇ ಉಸಿರಿನಲ್ಲಿ ‘ಆದರೂ ನನ್ನ ಚಿತ್ತದಂತಲ್ಲ’ ಎಂದರು. ಆಮೇಲೆ ಎದ್ದುಹೋಗಿ ಶಿಷ್ಯರನ್ನು ನೋಡಿದರು, ಅವರು ನಿದ್ದೆಹೋಗಿದ್ದರು. ಮತ್ತೆ ಬಂದರು. ಎರಡನೇ ಸಲದ ಮಾತು ಮತ್ತಾಯ 26:42ರಲ್ಲಿದೆ, ಸ್ವಲ್ಪ ಬದಲಾಗಿದೆ: ನಾನು ಕುಡಿಯದ ಹೊರತು ಇದು ಹೋಗುವುದಿಲ್ಲ ಅನ್ನುವುದಾದರೆ ನಿನ್ನ ಚಿತ್ತವೇ ಆಗಲಿ. ಮೂರನೇ ಸಲ ಮತ್ತೆ ಅದೇ ಮಾತು. ದೇವಕುಮಾರನಿಗೇ ಒಂದೇ ಸಲಕ್ಕೆ ಮುಗಿಯದ ಪ್ರಾರ್ಥನೆ ಅದು. ನೀವು ಒಂದು ವರ್ಷದಲ್ಲಿ ಅಲ್ಲಿಗೆ ತಲುಪಿಲ್ಲ ಎಂದು ನಾಚಿಕೊಳ್ಳಬೇಡಿ. ಮೊದಲನೇ ವಾಕ್ಯವನ್ನು ಹೇಳಿ: ‘ಇದು ನನಗೆ ಬೇಡವಾಗಿತ್ತು ತಂದೆಯೇ. ಅವರನ್ನು ಉಳಿಸು ಅಂದೆ, ಉಳಿಸಲಿಲ್ಲ.’ ಎರಡನೆಯದು ಬರುವಾಗ ಬರಲಿ.

ಅವರು ಉಳಿಯದೇ ಹೋದದ್ದು ನಿಮ್ಮ ನಂಬಿಕೆಯ ಕೊರತೆಯಿಂದ ಅಲ್ಲವೇ ಅಲ್ಲ. ಅಪೊಸ್ತಲನಾದ ಪೌಲನು ತನ್ನ ಶರೀರದ ಮುಳ್ಳನ್ನು, ಅಂದರೆ ಕಾಡುತ್ತಿದ್ದ ಒಂದು ಬಾಧೆಯನ್ನು, ತೆಗೆ ಎಂದು ಮೂರು ಸಲ ಬೇಡಿಕೊಂಡ, ಮುಳ್ಳು ಹೋಗಲಿಲ್ಲ. ಪೌಲನಿಗೆ ನಂಬಿಕೆ ಸಾಲದು ಎಂದು ಯಾರಾದರೂ ಹೇಳುತ್ತಾರಾ? ಇನ್ನೊಂದು ಕಡೆ ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮನೆಯ ಮಾಳಿಗೆ ಬಿಚ್ಚಿ ಯೇಸುವಿನ ಮುಂದೆ ಇಳಿಸಿದರು. ಯೇಸು ‘ಅವರ ನಂಬಿಕೆಯನ್ನು ನೋಡಿ’ ಮಾತಾಡಿದರು ಎಂದಿದೆ. ಆ ರೋಗಿ ಏನಾದರೂ ಪ್ರಾರ್ಥಿಸಿದನಾ? ಒಂದು ಮಾತೂ ಬರೆದಿಲ್ಲ. ಈಗ ಹಾಸಿಗೆಯ ಮೇಲಿರುವುದು ನೀವು. ಭಾನುವಾರ ಬೆಂಚಿನಲ್ಲಿ ಸುಮ್ನೆ ಕೂತಿರಿ. ಹಾಡು ಬಾಯಿಗೆ ಬರದಿದ್ದರೆ ಪಕ್ಕದವರು ಹಾಡಲಿ. ಹೊತ್ತುಕೊಂಡು ಹೋಗುವುದು ಸಭೆಯ ಕೆಲಸ.

ಕಂಠಪಾಠದ ಪ್ರಾರ್ಥನೆಯ ಬಗ್ಗೆ ನಿಮಗೆ ಸ್ವಲ್ಪ ಅನುಮಾನ ಇದ್ದ ಹಾಗಿದೆ. ಸ್ವಂತ ಮಾತಿನಲ್ಲಿ ಹೇಳಿದರೆ ಮಾತ್ರ ಹೃದಯದಿಂದ ಬಂದದ್ದು, ಕಲಿತದ್ದನ್ನು ಹೇಳಿದರೆ ಗಿಳಿಪಾಠ ಎನ್ನುವ ಭಾವನೆ ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಜಾಸ್ತಿ. ಆದರೆ ಶಿಲುಬೆಯ ಮೇಲೆ ಯೇಸುಸ್ವಾಮಿ ಏನು ಹೇಳಿದರು? ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?’ ಇದು 22ನೇ ಕೀರ್ತನೆಯ ಮೊದಲ ಸಾಲು. ‘ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ’ ಎನ್ನುವುದು 31ನೇ ಕೀರ್ತನೆಯದು. ಉಸಿರು ಕಟ್ಟುವ ಹೊತ್ತಿನಲ್ಲಿ ಹೊಸ ಮಾತು ಕಟ್ಟಲಿಕ್ಕೆ ಯಾರಿಗೆ ಆಗುತ್ತದೆ? ಹಿಂದಿನವರು ಹಾಡಿದ ಮಾತೇ ಬಾಯಿಗೆ ಬಂತು. ಅವು ಕಲಿತ ಮಾತುಗಳಾದದ್ದರಿಂದ ಆ ಕೂಗು ಎಳ್ಳಷ್ಟೂ ಕಡಿಮೆ ನಿಜವಾಗಲಿಲ್ಲ.

ಮಾರ್ಟಿನ್ ಲೂಥರರಿಗೆ ಒಬ್ಬ ಕ್ಷೌರಿಕ ಸ್ನೇಹಿತನಿದ್ದ, ಪೀಟರ್ ಎಂದು. ‘ಪ್ರಾರ್ಥನೆ ಮಾಡುವುದು ಹೇಗೆ’ ಎಂದು ಅವನೂ ನಿಮ್ಮ ಹಾಗೆಯೇ ಕೇಳಿದ್ದ. 1535ರಲ್ಲಿ ಲೂಥರ್ ಅವನಿಗೆ ಉತ್ತರವಾಗಿ ಒಂದು ಚಿಕ್ಕ ಪುಸ್ತಕವನ್ನೇ ಬರೆದರು. ಅಷ್ಟು ದೊಡ್ಡ ಸುಧಾರಕ ಏನನ್ನುತ್ತಾರೆ ಗೊತ್ತಾ? ಬೇರೆ ಕೆಲಸ, ಯೋಚನೆಗಳಿಂದ ನನ್ನ ಮನಸ್ಸು ತಣ್ಣಗಾಗಿ ಪ್ರಾರ್ಥನೆ ಬೇಡ ಅನಿಸಿದಾಗ, ನಾನು ಕೀರ್ತನೆಗಳ ಪುಸ್ತಕ ಹಿಡಿದು ಕೋಣೆಗೋ ಚರ್ಚಿಗೋ ಓಡುತ್ತೇನೆ. ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಯಾವುದಾದರೂ ಕೀರ್ತನೆಯನ್ನು ಮಕ್ಕಳು ಹೇಳಿಕೊಳ್ಳುವ ಹಾಗೆ ನನಗೆ ನಾನೇ ಹೇಳಿಕೊಳ್ಳುತ್ತೇನೆ ಎಂದು. ಮನಸ್ಸು ಬೆಚ್ಚಗಾಗುವ ತನಕ ಕಾದು ಆಮೇಲೆ ಪ್ರಾರ್ಥಿಸಲು ಅವರು ಕೂರುತ್ತಿರಲಿಲ್ಲ. ಕಲಿತ ಮಾತನ್ನು ಹೇಳುತ್ತಾ ಹೇಳುತ್ತಾ ಮನಸ್ಸು ಬೆಚ್ಚಗಾಗುತ್ತಿತ್ತು. ಕ್ಷೌರಿಕನಿಗೆ ಅವನ ಕಸುಬಿನಿಂದಲೇ ಒಂದು ಹೋಲಿಕೆಯನ್ನೂ ಕೊಟ್ಟರು: ಒಳ್ಳೆಯ ಕ್ಷೌರಿಕನ ಕಣ್ಣು, ಗಮನ ಎಲ್ಲಾ ಕತ್ತಿಯ ಮೇಲೂ ಕೂದಲ ಮೇಲೂ ಇರಬೇಕಲ್ಲ, ಹಾಗೆ. ಎಲ್ಲೋ ನೋಡುತ್ತಾ ಹರಟೆ ಹೊಡೆದರೆ ಗಿರಾಕಿಯ ಮೂಗೇ ಹೋದೀತು.

ಗಮನ ಇರಬೇಕು, ನಿಜ. ಆದರೆ ಮನಸ್ಸು ಓಡಿದರೆ ಏನು ಮಾಡುವುದು? ಸ್ಪೇನ್ ದೇಶದ ಆವಿಲಾದ ತೆರೇಸಾ (1515–1582) ಅವರನ್ನು ಕಥೋಲಿಕ ಸಭೆ 1970ರಲ್ಲಿ ಇಡೀ ಸಭೆಯ ಬೋಧಕಿ ಎಂದು ಗೌರವಿಸಿತು. ಪ್ರಾರ್ಥನೆಯ ವಿಷಯದಲ್ಲಿ ಅಂಥ ಗುರು ಆಕೆ. ಆ ತಾಯಿಯೇ ಬರೆದುಕೊಂಡಿದ್ದಾರೆ: ಕೆಲವು ವರ್ಷ ಪ್ರಾರ್ಥನೆಗೆ ಕೂತಾಗ, ಗೊತ್ತುಮಾಡಿಕೊಂಡ ಗಂಟೆ ಯಾವಾಗ ಮುಗಿಯುತ್ತದೋ ಎಂದು ಗಡಿಯಾರದ ಸದ್ದಿಗೇ ಕಿವಿ ಕೊಟ್ಟಿರುತ್ತಿದ್ದೆ ಎಂದು. ಆದರೂ ಅವರು ಎದ್ದುಹೋಗಲಿಲ್ಲ. ನೀವೂ ಒಂದು ವರ್ಷದಿಂದ ದಿನಾ ಬೆಳಿಗ್ಗೆ ಮೊಣಕಾಲೂರುತ್ತಿದ್ದೀರಿ, ಏನೂ ಅನಿಸದಿದ್ದರೂ. ಅದು ಬರೀ ಬಾಯಿಮಾತು ಎಂದು ನಾನು ಒಪ್ಪುವುದಿಲ್ಲ. ಮನಸ್ಸು ಬಾರದಿದ್ದರೂ ಕಾಲು ಬಂದಿದೆ.

ನನ್ನ ಅನುಭವದಲ್ಲಿ, ಓಡುವ ಮನಸ್ಸನ್ನು ಎಳೆದು ತರುವುದಕ್ಕಿಂತ ಅದು ಓಡಿಹೋದ ಜಾಗಕ್ಕೇ ಪ್ರಾರ್ಥನೆಯನ್ನು ಕರೆದುಕೊಂಡು ಹೋಗುವುದು ಒಳ್ಳೆಯದು. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅನ್ನುವಷ್ಟರಲ್ಲಿ ಡಯಾಲಿಸಿಸ್ ಕೋಣೆ ಕಣ್ಣಮುಂದೆ ಬಂತಾ? ಅಲ್ಲೇ ನಿಲ್ಲಿ. ಆ ಮಂಚ, ಅವರ ಕೈಗೆ ಸುತ್ತಿದ್ದ ಬ್ಯಾಂಡೇಜು, ಹೊರಗಿನ ಕಬ್ಬಿಣದ ಕುರ್ಚಿ, ಯಾವುದು ಕಂಡಿತೋ ಅದನ್ನೇ ಹೇಳಿ. ಮನಸ್ಸು ಅಲ್ಲಿಗೆ ಹೋದದ್ದಕ್ಕೆ ಕಾರಣ ಇದೆ.

ಭಾಷೆಯ ಬಗ್ಗೆಯೂ ಒಂದು ಮಾತು ಹೇಳಬೇಕು, ಇದು ನನಗೆ ಬಹಳ ಮುಖ್ಯ. ನಾನು ಸಭಾಪಾಲಕನಾದ ಮೊದಲ ವರ್ಷಗಳಲ್ಲಿ ಗದಗದ ಕಡೆಯ ಒಂದು ಹಳ್ಳಿಯಲ್ಲಿದ್ದೆ. ಅಲ್ಲಿ ಒಬ್ಬ ಅಜ್ಜಿ ಇದ್ದರು. ಓದು ಬರಹ ಇಲ್ಲ. ಸಭೆಯಲ್ಲಿ ಪ್ರಾರ್ಥಿಸಿ ಎಂದರೆ ಸೆರಗು ಬಾಯಿಗೆ ಹಿಡಿದು ‘ನಂಗ ಬರೂದಿಲ್ರೀ’ ಅನ್ನುತ್ತಿದ್ದರು. ಒಂದು ರಾತ್ರಿ ಮಳೆಗೆ ಸಿಕ್ಕಿ ಅವರ ಮನೆಯ ಪಡಸಾಲೆಯಲ್ಲಿ ಉಳಿದುಕೊಂಡೆ. ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ, ಅಲ್ಲೇ ಕೂತು, ತಲೆ ಮೇಲೆ ಸೆರಗು ಹೊದ್ದು ಅವರು ಮಾತಾಡುವುದು ಕೇಳಿಸಿತು. ಮನೆಗೆ ಯಾರೋ ಬಂದಿದ್ದಾರೆ ಅಂದುಕೊಂಡೆ. ‘ಯಪ್ಪಾ, ಇವತ್ತ ಎಮ್ಮಿ ಒದ್ದು ಹಾಲೆಲ್ಲಾ ಚೆಲ್ಲಿತು. ಸಿಟ್ಟಿಗೆದ್ದು ಹೊಡದೆ. ತಪ್ಪಾತು. ಮಗಂದು ಕಾಗದ ಬಂದಿಲ್ಲ. ನನಗ ಭಾಳ ಅಂಜಿಕಿ ಆಗೇತಿ. ನೀನs ನೋಡಕೋ. ಆಮೆನ್.’ ಅಷ್ಟೇ. ಕತ್ತಲಲ್ಲಿ ಕೂತು ಕೇಳಿದ ನನಗೆ ಗಂಟಲು ಕಟ್ಟಿತು.

ಆಮೇಲೆ ಹೊಳೆಯಿತು. ಮಾರ್ಕ 14:36ರಲ್ಲಿ ಯೇಸುಸ್ವಾಮಿ ತಂದೆಯನ್ನು ಕರೆದ ಪದ ‘ಅಬ್ಬಾ’. ಅದು ಅವರ ಮನೆಮಾತಾದ ಅರಮೇಯ ಭಾಷೆಯದು. ಬರೀ ಎಳೆಮಕ್ಕಳ ತೊದಲು ಅಂತ ಕೆಲವರು ಹೇಳುವುದುಂಟು, ಅದು ಪೂರ್ತಿ ಸರಿಯಲ್ಲ. ದೊಡ್ಡವರಾದ ಮಕ್ಕಳೂ ಅಪ್ಪನನ್ನು ಹಾಗೇ ಕರೆಯುತ್ತಿದ್ದರು, ನಮ್ಮ ‘ಅಪ್ಪಾ’, ‘ಯಪ್ಪಾ’ ಇದ್ದ ಹಾಗೆ. ಪೌಲನು ರೋಮ್‌ನವರಿಗೆ, ಗಲಾತ್ಯದವರಿಗೆ ಗ್ರೀಕಿನಲ್ಲಿ ಪತ್ರ ಬರೆಯುವಾಗಲೂ ಆ ಒಂದು ಪದವನ್ನು ಹಾಗೇ ಉಳಿಸಿಕೊಂಡ. ‘ಪರಿಶುದ್ಧವೆಂದು ಎಣಿಸಲ್ಪಡಲಿ’ ಎಂಬ ಕನ್ನಡ ನಮ್ಮ ಆರಾಧನೆಯ ಕನ್ನಡ. ಅದರ ಮೇಲೆ ನನಗೆ ಪ್ರೀತಿಯಿದೆ, ತಲೆಮಾರುಗಳಿಂದ ಎಷ್ಟೋ ಬಾಯಿಗಳು ಹೇಳಿ ನುಣುಪಾದ ಮಾತದು. ಆದರೆ ಅದೊಂದೇ ಇದ್ದರೆ, ಮನೆಯಲ್ಲಿ ನಡೆದದ್ದಕ್ಕೆ ಅಲ್ಲಿ ಜಾಗ ಸಿಗುವುದಿಲ್ಲ. ಹಾಸನದಲ್ಲಿ ನೀವು ಅಮ್ಮನ ಹತ್ತಿರ ಹೇಗೆ ಮಾತಾಡುತ್ತೀರೋ, ಅದೇ ಕನ್ನಡದಲ್ಲಿ ಒಂದು ನಾಲ್ಕು ಮಾತು ದೇವರ ಹತ್ತಿರವೂ ಆಡಿ ನೋಡಿ.

ಕಣ್ಣೀರು ಬರದಿರುವುದರ ಬಗ್ಗೆ ಚಿಂತೆ ಬೇಡ. ಪ್ರಾರ್ಥಿಸಬೇಕಾದ ರೀತಿ ‘ನಮಗೆ’ ಗೊತ್ತಿಲ್ಲ ಎಂದು ರೋಮಾಪುರದವರಿಗೆ 8:26ರಲ್ಲಿ ಬರೆದ ಪೌಲ ತನ್ನನ್ನೂ ಸೇರಿಸಿಯೇ ಬರೆದ. ಮಾತಿಗೆ ಸಿಗದ ನರಳಾಟದಿಂದ ಆತ್ಮನೇ ನಮಗಾಗಿ ಬೇಡುತ್ತಾನೆ ಎಂದ. ಆದರೆ ನಿದ್ದೆ, ಊಟ ಎರಡೂ ವಾರಗಟ್ಟಲೆ ಕೆಟ್ಟಿದ್ದರೆ, ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ತಡಮಾಡದೆ ವೈದ್ಯರನ್ನು ನೋಡಿ. ಮನೆಯವರಿಗೂ ಹೇಳಿ. ಅದು ನಂಬಿಕೆಗೆ ವಿರುದ್ಧ ಅಲ್ಲ. ನಿಮ್ಮ ಯಜಮಾನರನ್ನು ಡಯಾಲಿಸಿಸ್‌ಗೆ ಕರೆದೊಯ್ದದ್ದು ನಂಬಿಕೆ ಇಲ್ಲದೆಯಾ?

ಈಗ ಆ ಬೀಗದ ವಿಷಯ.

ಬೆಳಗಿನ ಪ್ರಾರ್ಥನೆಯನ್ನು ಕೆಲವು ದಿನ ಚಿಕ್ಕದು ಮಾಡಿ. ಕರ್ತನು ಕಲಿಸಿದ ಪ್ರಾರ್ಥನೆಯನ್ನು ಒಂದು ಸಲ ನಿಧಾನವಾಗಿ ಹೇಳಿ ಎದ್ದುಬಿಡಿ. ‘ನಿನ್ನ ಚಿತ್ತ’ದ ಹತ್ತಿರ ಗಂಟಲು ಹಿಡಿದರೆ ಅಲ್ಲೇ ಒಂದು ಉಸಿರು ನಿಂತು, ‘ಇದನ್ನು ಹೇಳುವುದಕ್ಕೆ ನನಗೆ ಇನ್ನೂ ಆಗುತ್ತಿಲ್ಲ, ನೀನೇ ಸಹಾಯ ಮಾಡು’ ಎಂದು ಮುಂದೆ ಹೋಗಿ. ಮಾರ್ಕ 9:24ರಲ್ಲಿ ಒಬ್ಬ ತಂದೆ ಸರಿಸುಮಾರು ಹೀಗೇ ಕೂಗಿಕೊಂಡ, ಯೇಸು ಅವನನ್ನು ಬೈಯಲಿಲ್ಲ.

ನಿಮ್ಮ ನಿಜವಾದ ಪ್ರಾರ್ಥನೆಯ ಹೊತ್ತು ಸಂಜೆಯದು. ಬಾಗಿಲ ಮುಂದೆ ನಿಂತು, ಬ್ಯಾಗಿನಿಂದ ಕೀಲಿ ತೆಗೆದು, ಕೈ ನಡುಗುವಾಗ ಅವಸರ ಮಾಡಬೇಡಿ. ಕಣ್ಣು ಮುಚ್ಚುವುದು ಬೇಡ, ಅಕ್ಕಪಕ್ಕದವರಿಗೆ ಗೊತ್ತಾಗುವುದೂ ಬೇಡ. ಹನ್ನಳ ಹಾಗೆ ತುಟಿ ಆಡಿದರೆ ಸಾಕು. ‘ಅಪ್ಪಾ, ಒಳಗೆ ಅವರಿಲ್ಲ. ನನಗೆ ಭಯ ಆಗ್ತಿದೆ. ನನ್ನ ಜೊತೆ ಬಾ.’ ಇಷ್ಟು ಹೇಳಿ ಕೀಲಿ ತಿರುಗಿಸಿ. ಒಳಗೆ ಹೋಗಿ ದೀಪ ಹಾಕಿ, ಕೈಕಾಲು ತೊಳೆದು, ಕಾಫಿ ಇಟ್ಟುಕೊಳ್ಳಿ. ಬೇರೆ ಏನಾದರೂ ಹೇಳಬೇಕು ಅನಿಸಿದರೆ ಕಾಫಿ ಕುಡಿಯುತ್ತಾ ಹೇಳಿ, ಅನಿಸದಿದ್ದರೆ ಬಿಡಿ.

ಒಂದು ತಿಂಗಳು ಹೀಗೆ ಮಾಡಿ ನನಗೆ ಮತ್ತೆ ಬರೆಯಿರಿ. ನಾನು ದಿನಾ ಸಂಜೆ 6 ಗಂಟೆಗೆ ನಿಮ್ಮನ್ನು ನೆನೆಸಿಕೊಳ್ಳುತ್ತೇನೆ. ನೀವು ಮನೆಗೆ ಬರುವ ಹೊತ್ತು ಬೇರೆಯಾಗಿದ್ದರೆ ತಿಳಿಸಿ, ಆ ಹೊತ್ತಿಗೆ ಬದಲಿಸಿಕೊಳ್ಳುತ್ತೇನೆ.